ಊರಿನ ಹೆಸರಿನ ಸಾಲ



ಪ್ರತಿ ತಿಂಗಳೂ ನಾವು ಈ ಪುಟದಲ್ಲಿ ಮನೆಯ ಲೆಕ್ಕದ ಮಾತನ್ನೇ ಆಡುತ್ತ ಬಂದಿರುವೆವು. ಮನೆಯ ಲೆಕ್ಕದಿಂದ ಊರಿನ ಲೆಕ್ಕಕ್ಕೆ ಹೋಗಬೇಕಾದ ಪ್ರಸಂಗವೊಂದು ಈ ಸಲ ತಾನಾಗಿಯೇ ಒದಗಿತು. ಅದನ್ನು ಮೊದಲು ನಿವೇದಿಸಿ, ಬಳಿಕ ನಮಗೆ ತೋಚಿದ ವಿಚಾರವನ್ನು ಹೇಳುವೆವು.

ಒಂದು ಸಂಜೆ ತಂಗಡಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆವು. ನಮ್ಮಲ್ಲಿ ಹಿಂದೆ ಓದಿದ ಶಿಷ್ಯನೊಬ್ಬನು ತನ್ನ ಸೋದರತ್ತೆಯನ್ನು ಕರೆದುಕೊಂಡು ಬಂದನು. ಅವನು ಶೇಂಗಾ ಮತ್ತು ಕುಸುಬಿಯ ಎಣ್ಣೆ ತೆಗೆಯುವ ಸಣ್ಣದೊಂದು ಗಿರಣಿಯನ್ನಿಟ್ಟು ಹೊಟ್ಟೆ ಹೊರೆಯುವನು. ಇನ್ನೊಂದು ಯಂತ್ರವನ್ನು ತರಬೇಕು, ಕಾಳು ಕೂಡಿಡಲು ಉಗ್ರಾಣ ಕಟ್ಟಿಸಬೇಕು, ನಾಲ್ಕು ಮಂದಿ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಎಂಬುದು ಅವನ ಬಯಕೆ. ಬ್ಯಾಂಕಿನವರು ಅಡವು ಕೇಳುವರು. ಅಡವಿಡಲು ಅವನಲ್ಲಿ ಮನೆಯ ಹೊರತು ಬೇರೆ ಏನೂ ಇಲ್ಲ. ಸೋದರತ್ತೆಯಾದರೋ ಗಂಡನನ್ನು ಕಳೆದುಕೊಂಡವಳು. ಅವಳ ಹೊಲವು ಕೃಷ್ಣೆಯ ಹಿನ್ನೀರಿನ ಪಾಲಾಗಿ, ಅದರ ಪರಿಹಾರದ ಹಣವು ಬ್ಯಾಂಕಿನಲ್ಲಿರುವದು. ಅದೇ ಅವಳ ಹೊಲ, ಅದೇ ಅವಳ ಮುಪ್ಪಿನ ಊರುಗೋಲು.

ಶಿಷ್ಯನು ಹೇಳಿದನು: "ಗುರುಗಳೇ, ಅಮೇರಿಕೆಯಲ್ಲಿ ಊರಿನ ಆಡಳಿತದವರೇ ಅಭಿವೃದ್ಧಿಯ ಸಾಲಪತ್ರ ಹೊರಡಿಸಿ, ಆ ಹಣದಿಂದ ಉದ್ದಿಮೆಗಾರರಿಗೆ ಕಟ್ಟಡ, ಯಂತ್ರ ಒದಗಿಸಿ ಕೊಡುತ್ತಾರಂತೆ. ನಮ್ಮಲ್ಲಿಯೂ ಹಾಗೆ ಆದರೆ ಅತ್ತೆಯ ಹಣಕ್ಕೆ ಹೆಚ್ಚು ಬಡ್ಡಿ ಬರುತ್ತದೆ, ನನ್ನ ಗಿರಣಿ ಬೆಳೆಯುತ್ತದೆ, ನಮ್ಮ ಹುಡುಗರು ದುಡಿಯಲು ಪುಣೆಗೂ ಗೋವೆಗೂ ಹೋಗುವದು ತಪ್ಪುತ್ತದೆ. ಇದರಲ್ಲಿ ಕೆಟ್ಟದ್ದೇನಿದೆ?"

ನಾವು ಉತ್ತರವನ್ನು ಹೊಂದಿಸಿಕೊಳ್ಳುವದರೊಳಗಾಗಿ ಆ ಮುದುಕಿಯು ಸೆರಗನ್ನು ಸರಿಪಡಿಸಿಕೊಂಡು, "ಊರು ಸಾಲ ಮಾಡಿದ್ರ ತೀರಸಾವ್ರು ಯಾರ್ರಿ ಮಾಸ್ತರ?" ಎಂದಳು.

ವಾಚಕರೇ, ಶಾಲೆಯ ಮೆಟ್ಟಲನ್ನೇ ಹತ್ತದ ಆ ತಾಯಿಯ ಪ್ರಶ್ನೆಯಲ್ಲಿ ಈ ವಿಷಯದ ಸಾರವೆಲ್ಲವೂ ಅಡಗಿರುವದು. ಅದಕ್ಕೆ ಉತ್ತರ ಕೊಡಬೇಕಾದರೆ ಸಾಲಪತ್ರವೆಂದರೇನು ಎಂಬುದನ್ನು ಮೊದಲು ತಿಳಿಯಬೇಕು.

ಪೇಟೆಯವರು ಬಾಂಡು ಎಂದು ಕರೆಯುವ ಸಾಲಪತ್ರವು ನಮ್ಮ ಕೈಕಡದ ಚೀಟಿಯ ದೊಡ್ಡಣ್ಣನಷ್ಟೆ. ಒಬ್ಬನೇ ಸಾವಕಾರನಿಂದ ಒಂದು ಕೋಟಿ ರೂಪಾಯಿ ತರುವದರ ಬದಲು, ಸಾವಿರ ರೂಪಾಯಿಗಳ ಹತ್ತು ಸಾವಿರ ಚೀಟಿಗಳನ್ನು ಬರೆದು ಹತ್ತು ಸಾವಿರ ಮಂದಿಗೆ ಮಾರಿದರೆ ಅದೇ ಸಾಲಪತ್ರ. ನೂರಕ್ಕೆ ವರ್ಷಕ್ಕೆ 8ರ ಬಡ್ಡಿ, ಹತ್ತು ವರ್ಷದ ವಾಯಿದೆ ಎಂದು ತಿಳಿಯೋಣ. ಸಾವಿರ ಕೊಟ್ಟವನಿಗೆ ವರ್ಷ ವರ್ಷವೂ 80 ರೂಪಾಯಿ ಬರುವದು. ಹತ್ತನೆಯ ವರ್ಷದ ಕೊನೆಗೆ ಅವನ ಸಾವಿರವು ತಿರುಗಿ ಕೈಗೆ ಬರುವದು. ಕೊಟ್ಟವನಿಗೆ ಇದು ಉಳಿತಾಯ, ತಂದವನಿಗೆ ಸಾಲ. ಕಾಗದವು ಒಂದೇ ಆದರೂ ಓದುವ ಮಗ್ಗುಲು ಎರಡು. ಊರಿನ ಆಡಳಿತವು ಇಂಥ ಪತ್ರ ಬರೆದಾಗ ಆ ಊರಿನ ಗೃಹಸ್ಥನು ಅದನ್ನು ಎರಡೂ ಮಗ್ಗುಲಿನಿಂದ ಓದಬೇಕಾಗುವದು. ಯಾಕಂದರೆ ಪತ್ರ ಕೊಂಡರೆ ಅವನು ಸಾಲ ಕೊಟ್ಟವನು. ಕೊಳ್ಳಲಿ ಬಿಡಲಿ, ಕರ ತೆರುವವನಾದ್ದರಿಂದ ಸಾಲ ತೀರಿಸುವವರಲ್ಲಿಯೂ ಅವನೊಬ್ಬನು.

ಇದೆಲ್ಲ ಪರದೇಶದ ಹೊಸ ಬುದ್ಧಿಯೆಂದು ಯಾರೂ ತಿಳಿಯಬಾರದು. ನಾಸಿಕದ ಗುಹೆಯೊಂದರಲ್ಲಿ ಸುಮಾರು 1,900 ವರ್ಷಗಳ ಹಿಂದಿನ ಶಾಸನವಿದೆ. ಕ್ಷತ್ರಪನಾದ ನಹಪಾನನ ಅಳಿಯ ಉಷವದಾತನು ಅಲ್ಲಿಯ ಭಿಕ್ಷುಗಳಿಗಾಗಿ 3,000 ಕಾರ್ಷಾಪಣಗಳನ್ನು ಅಕ್ಷಯನಿಧಿಯಾಗಿ ಇಟ್ಟನು. ಇಟ್ಟದ್ದು ಯಾರಲ್ಲಿ? ನೇಕಾರರ ಶ್ರೇಣಿಗಳಲ್ಲಿ. ಒಂದು ಶ್ರೇಣಿಗೆ 2,000, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿ. ಇನ್ನೊಂದಕ್ಕೆ 1,000, ತಿಂಗಳಿಗೆ ನೂರಕ್ಕೆ ಮುಕ್ಕಾಲರ ಬಡ್ಡಿ. ಮಕ್ಕಳಿಂದ ಲೆಕ್ಕ ಹಾಕಿಸಿ ನೋಡಿರಿ: 2,000ಕ್ಕೆ ವರ್ಷಕ್ಕೆ 240 ಆಗುವದು. ಇಪ್ಪತ್ತು ಮಂದಿ ಭಿಕ್ಷುಗಳಿಗೆ ತಲೆಗೆ 12ರಂತೆ ವಸ್ತ್ರದ ಹಣವೆಂದು ಶಾಸನದಲ್ಲಿ ಬರೆದಿದೆ. ಇಪ್ಪತ್ತು ಹನ್ನೆರಡಲೆ ಸರಿಯಾಗಿ 240! ನೇಕಾರರಿಗೆ ಮಗ್ಗ ಬೆಳೆಸಲು ಬಂಡವಾಳ ದೊರೆಯಿತು, ಭಿಕ್ಷುಗಳಿಗೆ ವಸ್ತ್ರ ದೊರೆಯಿತು, ಮೂಲಧನವು ಮುಟ್ಟದೆ ಉಳಿಯಿತು. ಉದ್ದಿಮೆಯನ್ನು ಬೆಳೆಸುವ ಸಾರ್ವಜನಿಕ ನಿಧಿಗೆ ಇದಕ್ಕಿಂತ ಚೊಕ್ಕಟವಾದ ಉದಾಹರಣೆ ಸಿಕ್ಕುವದು ಕಠಿಣ. ನಮ್ಮ ಊರಿನಿಂದ ಹೊಳೆ ದಾಟಿ ಹೋದರೆ ಬಾಗಲಕೋಟೆ ಜಿಲ್ಲೆಯ ಐಹೊಳೆ ಸಿಕ್ಕುವದು. ಅಲ್ಲಿಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘವು ಒಂದು ಕಾಲಕ್ಕೆ ದಕ್ಷಿಣಾಪಥದಲ್ಲೆಲ್ಲ ವ್ಯಾಪಾರ ನಡೆಸಿತ್ತು. ನಂಬಿಕೆಯ ಮೇಲೆ ಹಣ ಒಪ್ಪಿಸುವ ಪದ್ಧತಿಯು ಈ ಸೀಮೆಗೆ ಹೊಸದಲ್ಲ.

ನಮ್ಮ ಧರ್ಮಶಾಸ್ತ್ರಕಾರರೂ ಬಡ್ಡಿಯ ವಿಚಾರವನ್ನು ಕೂಲಂಕಷವಾಗಿ ಮಾಡಿರುವರು. ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವು ಹುಟ್ಟಿದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ವಿಜ್ಞಾನೇಶ್ವರನ ಕೈಯಿಂದ. ಆ ಸ್ಮೃತಿಯ ಮತದಂತೆ ಅಡವು ಇದ್ದ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಪಾಲು ಬಡ್ಡಿ, ಅಂದರೆ ವರ್ಷಕ್ಕೆ ನೂರಕ್ಕೆ 15. ಆದರೆ ಕಾಡು ದಾಟಿ ವ್ಯಾಪಾರಕ್ಕೆ ಹೋಗುವವನು ತಿಂಗಳಿಗೆ ನೂರಕ್ಕೆ 10 ಕೊಡಬೇಕು, ಸಮುದ್ರ ದಾಟುವವನು 20 ಕೊಡಬೇಕು. ಈ ವ್ಯತ್ಯಾಸದ ಕಾರಣವು ಸ್ಪಷ್ಟವಾಗಿದೆ: ಕಾಡಿನಲ್ಲಿ ಕಳ್ಳರುಂಟು, ಕಡಲಿನಲ್ಲಿ ಬಿರುಗಾಳಿಯುಂಟು, ಹೋದವನು ತಿರುಗಿ ಬಾರದಿದ್ದರೆ ಕೊಟ್ಟವನ ಗಂಟು ಮುಳುಗುವದು. ಬಡ್ಡಿ ಹೆಚ್ಚಾದಂತೆ ಭಯವೂ ಹೆಚ್ಚು ಎಂಬ ಈ ಸೂತ್ರವನ್ನು ಗೃಹಸ್ಥರು ಕೋಣೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಬ್ಯಾಂಕಿನ ಠೇವಣಿಗಿಂತ ಹೆಚ್ಚು ಬಡ್ಡಿಯ ಆಸೆ ತೋರಿಸುವ ಯಾವ ಪತ್ರವೇ ಬರಲಿ, ಅದು ಕಾಡಿಗೆ ಹೋಗುವದೋ ಕಡಲಿಗೆ ಹೋಗುವದೋ ಎಂದು ಕೇಳಿ ತಿಳಿಯಬೇಕು. ಕೂಡಿಬಿದ್ದ ಬಡ್ಡಿಯು ಅಸಲನ್ನು ಮೀರಬಾರದೆಂಬ ಶಾಸ್ತ್ರದ ಕಟ್ಟಳೆಯನ್ನು ನಮ್ಮ ಹಿರಿಯರು ದಾಮದುಪ್ಪಟವೆಂದು ಕರೆಯುತ್ತಿದ್ದರು. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ವಿಜಾಪುರ ಜಿಲ್ಲೆಯಲ್ಲಿ ನ್ಯಾಯಾಲಯಗಳೂ ಅದನ್ನು ಮನ್ನಿಸುತ್ತಿದ್ದವು. ಸಾಲಗಾರನ ಮನೆಯು ಹಾಳಾಗಬಾರದೆಂಬ ಕನಿಕರವು ಅದರಲ್ಲಿತ್ತು.

ಇನ್ನು ಶಿಷ್ಯನು ಹೇಳಿದ ಅಮೇರಿಕೆಯ ಮಾತು. ಅದು ಸುಳ್ಳಲ್ಲ. ಆ ದೇಶದ ದಕ್ಷಿಣದಲ್ಲಿ ಮಿಸಿಸಿಪ್ಪಿ ಎಂಬ ರಾಜ್ಯವಿದೆ. ನಮ್ಮಂತೆಯೇ ಒಕ್ಕಲುತನವನ್ನು, ಅದರಲ್ಲಿಯೂ ಹತ್ತಿಯನ್ನು, ನೆಚ್ಚಿಕೊಂಡ ಬಡ ನಾಡದು. ಹತ್ತಿಯ ಬೆಲೆ ಬಿದ್ದು ಜನರು ಕಂಗೆಟ್ಟಿದ್ದ ಸಮಯದಲ್ಲಿ, 1936ರಲ್ಲಿ, ಅಲ್ಲಿಯ ಗವರ್ನರ್ ಹ್ಯೂ ವೈಟ್ ಎಂಬವರು ಒಕ್ಕಲುತನಕ್ಕೆ ಉದ್ದಿಮೆಯನ್ನು ಸರಿದೂಗಿಸುವ ಕಾಯಿದೆಯೊಂದನ್ನು ತಂದರು. ಅದರಂತೆ ಊರಿನ ಆಡಳಿತವು ಸಾಲಪತ್ರ ಹೊರಡಿಸಿ ಕಾರಖಾನೆಯ ಕಟ್ಟಡವನ್ನು ಕಟ್ಟಿಸಿ, ಅದನ್ನು ಉದ್ದಿಮೆಗಾರರಿಗೆ ಬಾಡಿಗೆಗೆ ಕೊಡಬಹುದಾಯಿತು. ಡ್ಯುರಂಟ್ ಎಂಬ ಸಣ್ಣ ಊರು ಮೊದಲು ಮುಂದೆ ಬಂದು, 85,000 ಡಾಲರುಗಳ ಸಾಲಪತ್ರ ಹೊರಡಿಸಿ, ಕಾಲುಚೀಲ ನೇಯುವ ಕಂಪನಿಗೆ ಕಾರಖಾನೆ ಕಟ್ಟಿಸಿಕೊಟ್ಟಿತು. ನಾಸಿಕದ ನೇಕಾರರಂತೆ ಇಲ್ಲಿಯೂ ನೂಲಿನ ಉದ್ಯೋಗವೇ ಆದದ್ದು ಒಂದು ಸೋಜಿಗ.

ಆದರೆ ಅಲ್ಲಿಯ ಕಾಯಿದೆಯಲ್ಲಿದ್ದ ಒಂದು ಕಟ್ಟನ್ನು ನಮ್ಮ ಶಿಷ್ಯನು ಓದಿರಲಿಲ್ಲ. ಊರು ಇಂಥ ಸಾಲ ಎತ್ತಬೇಕಾದರೆ ಜನರ ಮತವನ್ನು ಕೇಳಬೇಕಾಗಿತ್ತು. ಮತ ಹಾಕಿದವರ ಮೂರರಲ್ಲಿ ಎರಡು ಪಾಲು ಜನರು ಒಪ್ಪಬೇಕಾಗಿತ್ತು. ಯಾಕಂದರೆ ಆ ಸಾಲಕ್ಕೆ ಕಂಪನಿಯ ಆಸ್ತಿಯಲ್ಲ, ಊರಿನ ಕರವೇ ಅಡವು. ಕಂಪನಿಯು ಬಾಗಿಲು ಹಾಕಿಕೊಂಡು ಹೋದರೆ ಊರಿನವರು ತಮ್ಮ ಮನೆಪಟ್ಟಿಯಿಂದ ಅದನ್ನು ತೀರಿಸಬೇಕು. ತೀರಿಸುವವರ ಒಪ್ಪಿಗೆಯನ್ನು ಮೊದಲೇ ಪಡೆದರು, ಇದು ನ್ಯಾಯ. ಕ್ರಮೇಣ ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದವು. ಇಂಥ ಪತ್ರಗಳ ಬಡ್ಡಿಗೆ ಆದಾಯ ತೆರಿಗೆಯ ಮಾಫಿ ಇದ್ದುದರಿಂದ ಶ್ರೀಮಂತ ಕಂಪನಿಗಳೂ ಊರುಗಳ ಹೆಸರಿನಲ್ಲಿ ಅಗ್ಗದ ಸಾಲ ಪಡೆಯತೊಡಗಿದವು. ಒಂದು ಊರಿನ ಗಿರಣಿಯನ್ನು ಇನ್ನೊಂದು ಊರು ಆಸೆ ತೋರಿಸಿ ಸೆಳೆಯುವ ಪೈಪೋಟಿಯೂ ಹುಟ್ಟಿತು. ಕೊನೆಗೆ 1968ರಲ್ಲಿ ಆ ದೇಶದ ಶಾಸನಸಭೆಯೇ ಅದಕ್ಕೆ ಮಿತಿ ಹಾಕಬೇಕಾಯಿತು.

ನಮ್ಮ ದೇಶದಲ್ಲಿ ಊರಿನ ಸಂಸ್ಥೆಗಳು ಸಾಲ ಎತ್ತುವದಕ್ಕೆ ಸರಕಾರದ ಒಪ್ಪಿಗೆ ಬೇಕೆಂಬ ಕಾಯಿದೆಯು 1914ರಷ್ಟು ಹಳೆಯದು. ಈಗಿನ ರೀತಿಯ ನಗರ ಸಾಲಪತ್ರಕ್ಕೆ ದಾರಿ ತೋರಿಸಿದ ಕೀರ್ತಿಯಾದರೂ ನಮ್ಮ ಬೆಂಗಳೂರಿನದು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ರಾಜ್ಯ ಸರಕಾರದ ಜಾಮೀನಿನ ಮೇಲೆ 125 ಕೋಟಿ ರೂಪಾಯಿಗಳನ್ನು ಎತ್ತಿತು. ಮರುವರ್ಷ, 1998ರಲ್ಲಿ, ಅಹಮದಾಬಾದಿನ ಪಾಲಿಕೆಯು ಸರಕಾರದ ಜಾಮೀನಿಲ್ಲದೆ 100 ಕೋಟಿ ಎತ್ತಿತು. ಅದು ತನ್ನ ಜಕಾತಿಯ ಉತ್ಪನ್ನದಲ್ಲಿ ಒಂದು ಪಾಲನ್ನು ಬೇರೆ ಖಾತೆಯಲ್ಲಿ ಕಟ್ಟಿಟ್ಟು, "ಈ ಗಂಟಿನಿಂದ ನಿಮ್ಮ ಸಾಲ ತೀರುವದು" ಎಂದು ತೋರಿಸಿತು. ಒಬ್ಬನು ತಂದೆಯ ಹೆಸರು ಹೇಳಿ ಸಾಲ ತಂದನು, ಇನ್ನೊಬ್ಬನು ತನ್ನ ದುಡಿಮೆಯ ಲೆಕ್ಕ ತೋರಿಸಿ ತಂದನು. ಎರಡರಲ್ಲಿ ಯಾವದು ಮೇಲೆಂಬುದನ್ನು ಹೆಣ್ಣು ಕೊಡುವ ಮನೆಯವರು ಬಲ್ಲರು.

ಸಣ್ಣ ಊರುಗಳು ಒಂಟಿಯಾಗಿ ಸಾಲದ ಪೇಟೆಗೆ ಹೋದರೆ ಯಾರೂ ನಂಬುವದಿಲ್ಲ. ಅದಕ್ಕಾಗಿ ಬೆಂಗಳೂರಿನ ಸುತ್ತಲಿನ ಎಂಟು ಪುರಸಭೆ, ನಗರಸಭೆಗಳು ಕೂಡಿ, 2005ರಲ್ಲಿ ಕರ್ನಾಟಕ ಜಲ ಮತ್ತು ನೈರ್ಮಲ್ಯದ ಒಗ್ಗೂಡಿದ ನಿಧಿಯ ಮೂಲಕ 100 ಕೋಟಿ ರೂಪಾಯಿ ಎತ್ತಿದವು. ಕೆಂಗೇರಿ, ಯಲಹಂಕ, ಕೃಷ್ಣರಾಜಪುರ ಮುಂತಾದವು ಅವುಗಳಲ್ಲಿದ್ದವು. ಎರಡೇ ವರ್ಷಗಳಲ್ಲಿ, 2007ರಲ್ಲಿ, ಆ ಎಂಟೂ ಸಂಸ್ಥೆಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾದವು. ಆ ಪಾಲಿಕೆಯೂ 2025ರಲ್ಲಿ ಐದಾಗಿ ಒಡೆಯಿತು. ಸಾಲಕ್ಕೆ ಸಹಿ ಹಾಕಿದ ಸಭೆಯು ಅಳಿಯಬಹುದು, ಅಧ್ಯಕ್ಷರು ಬದಲಾಗಬಹುದು. ಸಾಲವು ಮಾತ್ರ ಹೆಸರು ಬದಲಿಸಿಕೊಂಡು ಮುಂದಿನವರ ಬಾಗಿಲಿಗೆ ಬಂದು ನಿಲ್ಲುವದು. 2015ರಲ್ಲಿ ಷೇರು ಪೇಟೆಯ ನಿಯಂತ್ರಕರಾದ ಸೆಬಿಯವರು ಇಂಥ ಪತ್ರಗಳಿಗೆ ಪ್ರತ್ಯೇಕ ನಿಯಮಗಳನ್ನು ಮಾಡಿದರು. ಆ ನಿಯಮದಡಿಯಲ್ಲಿ ಪುಣೆಯು 2017ರಲ್ಲಿ ನೀರಿನ ಯೋಜನೆಗಾಗಿ 200 ಕೋಟಿ ಎತ್ತಿತು. ಇಂದೂರು 2023ರಲ್ಲಿ, ನೀರೆತ್ತುವ ಪಂಪುಗಳಿಗೆ ಸೂರ್ಯನ ಬೆಳಕಿನಿಂದ ವಿದ್ಯುತ್ತು ಪಡೆಯಲೆಂದು, ಸಾಮಾನ್ಯ ಜನರಿಗೂ ಪತ್ರಗಳನ್ನು ಮಾರಿ 244 ಕೋಟಿ ಎತ್ತಿತು.

ವಾಚಕರು ಒಂದು ಸಂಗತಿಯನ್ನು ಗಮನಿಸಿರಬಹುದು. ಇವೆಲ್ಲವೂ ನೀರು, ರಸ್ತೆ, ಚರಂಡಿಗಳ ಸಲುವಾಗಿ ಮಾಡಿದ ಸಾಲಗಳು. ಒಬ್ಬ ವರ್ತಕನ ಗಿರಣಿಗಾಗಿ ಊರೇ ಸಾಲಪತ್ರ ಬರೆಯುವ ಪದ್ಧತಿಯು ನಮ್ಮಲ್ಲಿ ಬೆಳೆದಿಲ್ಲ. ಆ ಕೆಲಸವನ್ನು ನಮ್ಮ ನಾಡಿನಲ್ಲಿ ಬೇರೆ ಸಂಸ್ಥೆಯು ನೋಡಿಕೊಳ್ಳುವದು. 1959ರಲ್ಲಿ ಸ್ಥಾಪಿತವಾದ ರಾಜ್ಯ ಹಣಕಾಸು ಸಂಸ್ಥೆಯು ಸರಕಾರದ ಜಾಮೀನಿನ ಮೇಲೆ ಸಾಲಪತ್ರಗಳನ್ನು ಹೊರಡಿಸಿ, ಆ ಹಣವನ್ನು ಸಣ್ಣ, ಮಧ್ಯಮ ಉದ್ದಿಮೆಗಾರರಿಗೆ ಸಾಲವಾಗಿ ಕೊಡುತ್ತ ಬಂದಿತು. ಇದರಲ್ಲಿ ಒಂದು ವಿವೇಕವಿದೆ. ಗಿರಣಿಯವನ ಯೋಗ್ಯತೆಯನ್ನು ಅಳೆಯುವದು ಒಂದು ವಿದ್ಯೆ; ನಲ್ಲಿಯಲ್ಲಿ ನೀರು ಬಿಡಿಸುವದು ಇನ್ನೊಂದು. ನಲ್ಲಿಯವನು ಗಿರಣಿಯವನಿಗೆ ಸಾಲ ಕೊಡಲು ಹೊರಟರೆ ಯೋಗ್ಯತೆಗಿಂತ ಬಾಂಧವ್ಯವು ಮುಂದಾಗುವ ಭಯವಿರುವದು.

ಇಷ್ಟು ದೂರದ ಊರುಗಳ ಮಾತನಾಡಿ, ನಮ್ಮ ಕಣ್ಣ ಮುಂದಿನ ಹೊಳೆಯನ್ನು ಮರೆಯಲಾದೀತೇ? ತಂಗಡಗಿಯು ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವದು. ಬಸವಣ್ಣನವರ ಧರ್ಮಪತ್ನಿ ನೀಲಾಂಬಿಕೆಯೂ ಹಡಪದ ಅಪ್ಪಣ್ಣನೂ ಇಲ್ಲಿಯೇ ಐಕ್ಯರಾದರೆಂದು ಭಕ್ತರ ನಂಬಿಗೆ. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ. ಎರಡು ಅಣೆಕಟ್ಟುಗಳ ನಡುವೆ ನಮ್ಮ ಬದುಕು. 1964ರ ಮೇ 22ರಂದು ಲಾಲ್ ಬಹಾದುರ ಶಾಸ್ತ್ರಿಯವರು ಈ ಯೋಜನೆಗೆ ಅಡಿಗಲ್ಲನ್ನಿಟ್ಟರು. ಮೂವತ್ತು ವರ್ಷ ಕಳೆದರೂ ಕೆಲಸವು ಮುಗಿಯಲಿಲ್ಲ, ಬೊಕ್ಕಸದಲ್ಲಿ ಹಣವಿಲ್ಲ. ಇತ್ತ ಬಚಾವತ್ ನ್ಯಾಯಮಂಡಳಿಯ ತೀರ್ಪನ್ನು 2000ನೆಯ ಇಸವಿಯ ಮೇ 31ರ ನಂತರ ಪುನಃ ಪರಿಶೀಲಿಸಬಹುದಾಗಿತ್ತು. ಅಷ್ಟರೊಳಗೆ ನೀರನ್ನು ಉಪಯೋಗಿಸದಿದ್ದರೆ ಪಾಲು ಕೈಬಿಟ್ಟೀತೆಂಬ ಅಂಜಿಕೆ. ಆಗ, 1994ರಲ್ಲಿ, ಕೃಷ್ಣಾ ಭಾಗ್ಯ ಜಲ ನಿಗಮವೆಂಬ ಸರಕಾರಿ ಕಂಪನಿಯು ಹುಟ್ಟಿ, ಸಾಲಪತ್ರಗಳ ಮೂಲಕ ಹಣದ ಪೇಟೆಯಿಂದ ಸಾಲ ಎತ್ತಿ ಕೆಲಸವನ್ನು ನಡೆಸಿತು. 2006ರಲ್ಲಿ ರಾಷ್ಟ್ರಪತಿಗಳಾಗಿದ್ದ ಅಬ್ದುಲ್ ಕಲಾಮರು ಜಲಾಶಯಗಳನ್ನು ನಾಡಿಗೆ ಸಮರ್ಪಿಸಿದರು. ಮೊದಲ ಎರಡು ಹಂತಗಳಿಗೆ 173 ಟಿಎಂಸಿ ನೀರು. ನೆನೆಯಬೇಕಾದ ಭೂಮಿ 6.22 ಲಕ್ಷ ಹೆಕ್ಟೇರು.

ಈ ಸಾಲವನ್ನು ತೀರಿಸಿದವರು ಯಾರು? ಕಾಲುವೆಯ ನೀರಿನ ಕರದಿಂದ ಇಂಥ ಸಾಲದ ಬಡ್ಡಿಯೂ ಹುಟ್ಟುವದಿಲ್ಲ. ಅಸಲು, ಬಡ್ಡಿಗಳ ಭಾರವನ್ನು ರಾಜ್ಯದ ಬೊಕ್ಕಸವೇ ಹೊರಬೇಕಾಯಿತು. ಬೊಕ್ಕಸವೆಂದರೆ ಕಡ್ಡಿಪೆಟ್ಟಿಗೆ ಕೊಳ್ಳುವ ಬಡವನೂ ಸೇರಿ ಎಲ್ಲರ ಗಂಟು. ಆ ಮುದುಕಿಯು ಎರಡು ಸಲ ಕೊಟ್ಟಳು: ಹೊಲ ಕೊಟ್ಟಳು, ಕರವನ್ನೂ ಕೊಟ್ಟಳು. ಹಾಗೆಂದು ಈ ಸಾಲವು ತಪ್ಪೆಂದು ನಾವು ಹೇಳಲಾರೆವು. ಬರದ ಬಾಯಿಗೆ ಬಿದ್ದಿದ್ದ ನಾಡಿಗೆ ನೀರು ಬಂತು. ಜೋಳ, ಸಜ್ಜೆಗಳ ಹೊಲಗಳಲ್ಲಿ ಕಬ್ಬು ನಿಂತಿತು. ಸಕ್ಕರೆಯ ಕಾರಖಾನೆಗಳು ಬಂದವು. ಕೆಲವು ಸಾಲಗಳನ್ನು ಅವುಗಳ ಕೆಲಸವೇ ದುಡಿದು ತೀರಿಸುವದು. ಕೆಲವನ್ನು ಎಲ್ಲರೂ ಕೂಡಿ ತೀರಿಸಬೇಕಾಗುವದು. ಎರಡೂ ಯೋಗ್ಯವಾಗಿರಬಹುದು. ಯಾವದು ಯಾವ ಬಗೆಯದೆಂದು ಸಾಲ ಮಾಡುವ ಮೊದಲೇ ಜನರಿಗೆ ಹೇಳಬೇಕೆಂಬುದಷ್ಟೇ ನಮ್ಮ ಮಾತು. ಜಾಮೀನುಗಳು ಕೈಮೀರಿ ಹೋಗುವ ಭಯವನ್ನು ಸರಕಾರವೂ ಅರಿಯದೆ ಇರಲಿಲ್ಲ. 1999ರಲ್ಲಿ ಒಂದು ಅಧಿನಿಯಮವನ್ನು ಮಾಡಿ, ಬಾಕಿ ಇರುವ ಜಾಮೀನುಗಳ ಒಟ್ಟು ಮೊತ್ತವು ಎರಡು ವರ್ಷದ ಹಿಂದಿನ ರಾಜಸ್ವದ ನೂರಕ್ಕೆ 80ನ್ನು ಮೀರಬಾರದೆಂದು ಕಟ್ಟು ಹಾಕಿತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವದು ಅವಶ್ಯವಾಗಿದೆ. ಬಹಳ ವರ್ಷಗಳ ಹಿಂದೆ ನಾವು ಒಂದು ಊರಿನ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ, ವ್ಯಾಪಾರ ಬೆಳೆಯಲೆಂದು ಆ ಊರಿನವರು ಸಾಲದ ಹಣದಿಂದ ಅಂಗಡಿ ಮಳಿಗೆಗಳನ್ನು ಕಟ್ಟಿಸಿದರು. ಊರಿನ ಹೆಸರು ಬೇಡ. ಪ್ರಾರಂಭೋತ್ಸವಕ್ಕೆ ಸಂಸ್ಕೃತದಲ್ಲಿ ಸ್ವಾಗತ ಶ್ಲೋಕಗಳನ್ನು ಕಟ್ಟಿ ಮಕ್ಕಳಿಂದ ಹಾಡಿಸಿದವರು ನಾವೇ. ಶ್ಲೋಕದಲ್ಲಿ ಗಣಗಳು ಸರಿಯಾಗಿದ್ದವು. ಲೆಕ್ಕವನ್ನು ಮಾತ್ರ ನಾವು ಕೇಳಲಿಲ್ಲ. ಆ ಲೆಕ್ಕದ ಮಾದರಿಯನ್ನು ಸುಲಭದ ಅಂಕಿಗಳಲ್ಲಿ ತೋರಿಸುವೆವು. ಒಂದು ಕೋಟಿ ಸಾಲಕ್ಕೆ ನೂರಕ್ಕೆ 8ರಂತೆ ವರ್ಷಕ್ಕೆ 8 ಲಕ್ಷ ಬಡ್ಡಿ. ನಲವತ್ತು ಮಳಿಗೆಗಳು, ತಿಂಗಳಿಗೆ 1,500ರ ಬಾಡಿಗೆ; ಎಲ್ಲರೂ ತಪ್ಪದೆ ಕೊಟ್ಟರೂ ವರ್ಷಕ್ಕೆ 7,20,000. ಬಡ್ಡಿಗೇ 80,000 ಕಡಿಮೆ. ಅಸಲಿನ ಮಾತಂತೂ ದೂರ. ಆ ಊರಿನಲ್ಲಿ ಬಾಡಿಗೆಯೂ ನೆಟ್ಟಗೆ ಬರಲಿಲ್ಲ. ಮಳಿಗೆ ಹಿಡಿದವರಲ್ಲಿ ಕೆಲವರು ಅದನ್ನು ಬೇರೆಯವರಿಗೆ ಹೆಚ್ಚಿನ ಬಾಡಿಗೆಗೆ ಕೊಟ್ಟು ತಾವು ಮನೆಯಲ್ಲಿ ಕುಳಿತರು. ಕೊರತೆಯನ್ನು ತುಂಬಲು ಹೋಗಿ ಬೇಸಗೆಯಲ್ಲಿ ಕೊಳವೆಬಾವಿಗಳ ದುರಸ್ತಿ ನಿಂತಿತು. ನಮ್ಮ ಶ್ಲೋಕ ಹಾಡಿದ ಹೆಣ್ಣುಮಕ್ಕಳು ಕೊಡ ಹೊತ್ತು ದೂರದ ಬಾವಿಗೆ ಹೋಗುವದನ್ನು ನಾವು ಶಾಲೆಯ ಕಿಟಕಿಯಿಂದ ನೋಡಿದೆವು. ಆ ನೋಟವು ಇಂದಿಗೂ ಮನಸ್ಸನ್ನು ಚುಚ್ಚುವದು.

ಆದಕಾರಣ ಊರಿನ ಹೆಸರಿನಲ್ಲಿ ಸಾಲದ ಮಾತು ಬಂದಾಗ ಗೃಹಸ್ಥರು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಒಂದನೆಯದು, ಈ ಕೆಲಸವು ದುಡಿದು ಸಾಲ ತೀರಿಸುವದೋ, ಇಲ್ಲವೆ ನಮ್ಮ ಕರದಿಂದ ತೀರುವದೋ? ಎರಡನೆಯದು, ಕೆಲಸ ಕೆಟ್ಟರೆ ಯಾವ ಖರ್ಚಿಗೆ ಕತ್ತರಿ ಬೀಳುವದು? ಮೂರನೆಯದು, ಕಟ್ಟಿದ ವಸ್ತುವು ಊರಿನದಾಗಿ ಉಳಿಯುವದೋ, ಒಬ್ಬನ ಪಾಲಾಗುವದೋ? ನಾಲ್ಕನೆಯದು, ಸಾಲದ ವಾಯಿದೆಗಿಂತ ವಸ್ತುವಿನ ಆಯುಷ್ಯವು ಹೆಚ್ಚಿರುವದೋ? ಹದಿನೈದು ವರ್ಷದ ಸಾಲದಿಂದ ಐದು ವರ್ಷ ಬಾಳುವ ವಸ್ತುವನ್ನು ತಂದರೆ ಉಳಿದ ಹತ್ತು ವರ್ಷ ಇಲ್ಲದ ವಸ್ತುವಿಗೆ ಬಡ್ಡಿ ಕಟ್ಟಿದಂತೆ. ರಸ್ತೆ, ನೀರು, ಸಂತೆಯ ಕಟ್ಟೆ, ಉಗ್ರಾಣ ಇವು ಎಲ್ಲ ವರ್ತಕರಿಗೂ ಸಮನಾಗಿ ಉಪಯೋಗಕ್ಕೆ ಬರುವವು. ಊರು ವ್ಯಾಪಾರಕ್ಕೆ ಕೊಡಬಹುದಾದ ಉತ್ತಮವಾದ ಸಹಾಯವು ಇದೇ ಎಂದು ನಮ್ಮ ಅಭಿಪ್ರಾಯ.

ಈ ಪ್ರಶ್ನೆಗಳನ್ನು ಕೇಳುವ ಸ್ಥಳವೂ ನಮಗುಂಟು. 1993ರ ಪಂಚಾಯತಿ ಕಾಯಿದೆಯು ಗ್ರಾಮಸಭೆಯಲ್ಲಿ ಪ್ರತಿಯೊಬ್ಬ ಮತದಾರನಿಗೂ, ಹೆಂಗಸು ಗಂಡಸೆಂಬ ಭೇದವಿಲ್ಲದೆ, ಬಾಯಿಬಿಟ್ಟು ಕೇಳುವ ಅಧಿಕಾರವನ್ನು ಕೊಟ್ಟಿದೆ. ನಮ್ಮಂಥ ಹಳ್ಳಿಯ ಪಂಚಾಯತಿಯು ಪುಣೆ, ಇಂದೂರುಗಳಂತೆ ಪೇಟೆಯಲ್ಲಿ ಸಾಲಪತ್ರ ಮಾರುವ ಕಾಲವು ದೂರವಿದೆ. ಆದರೆ ಸಣ್ಣ ಸಾಲವಾದರೇನು, ದೊಡ್ಡ ಸಾಲವಾದರೇನು, ಕೇಳುವ ಅಭ್ಯಾಸವನ್ನು ಈಗಲೇ ಮಾಡಿಕೊಂಡರೆ ಒಳಿತು.

ಕಟ್ಟೆಯ ಮೇಲೆ ಕುಳಿತವರಿಗೆ ನಾವು ಹೇಳಿದ್ದು ಇಷ್ಟು. ಶಿಷ್ಯನಿಗೆ: "ಅಪ್ಪಾ, ನಿನ್ನ ಗಿರಣಿಯ ಲಾಭವು ನಿನ್ನದಾದರೆ ಅದರ ಸಾಲವೂ ನಿನ್ನದೇ ಆಗಲಿ. ಮೂರು ವರ್ಷದ ಲೆಕ್ಕವನ್ನು ಒಪ್ಪವಾಗಿ ಬರೆದು ಬ್ಯಾಂಕಿನವರ ಮುಂದೆ ಇಡು. ಬರೆದ ಲೆಕ್ಕಕ್ಕೆ ಅಡವಿನ ಅರ್ಧ ಬೆಲೆ ಉಂಟು. ಗಿರಣಿಯ ತನಕ ಮಳೆಗಾಲದಲ್ಲಿಯೂ ಗಾಡಿ ನಡೆಯುವ ರಸ್ತೆ ಬೇಕೆಂದು ಗ್ರಾಮಸಭೆಯಲ್ಲಿ ಕೇಳು. ಅದನ್ನು ನಿನ್ನ ಪರವಾಗಿ ನಾವೂ ಕೇಳುವೆವು." ಸೋದರತ್ತೆಗೆ: "ತಾಯೀ, ನಿನ್ನ ಗಂಟು ಇದ್ದಲ್ಲಿಯೇ ಇರಲಿ. ಮುಂದೆಂದಾದರೂ ಪತ್ರ ಕೊಳ್ಳುವ ಮನಸ್ಸಾದರೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಾಕಬೇಡ. ಯಾರ ಜಾಮೀನು ಎಂದು ಕೇಳದೆ ಅದನ್ನೂ ಹಾಕಬೇಡ."

ಶಿಷ್ಯನ ಮುಖವು ಸ್ವಲ್ಪ ಬಾಡಿತು. ಆದರೆ ಎಂಟು ದಿನಗಳ ಮೇಲೆ ಅವನು ಗೆರೆ ಹಾಕಿದ ಹೊಸ ಖಾತೆಪುಸ್ತಕವೊಂದನ್ನು ತಂದು, ಮೊದಲ ಪುಟವನ್ನು ಬರೆದುಕೊಡಿರೆಂದು ಕೇಳಿದನು. ನಾವು ಶ್ರೀಕಾರ ಹಾಕಿ, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಬರೆದುಕೊಟ್ಟೆವು. ಸೋದರತ್ತೆಯು ಈ ಸಲದ ಗ್ರಾಮಸಭೆಗೆ ತಾನೂ ಬರುವೆನೆಂದು ಹೇಳಿ ಕಳಿಸಿರುವಳು. ನಮ್ಮ ಮನೆಯವರೂ ಅವಳೊಡನೆ ಹೋಗುವದಾಗಿ ಗೊತ್ತಾಗಿದೆ. ಓದುವ ತಾಯಂದಿರೂ ತಮ್ಮ ತಮ್ಮ ಊರುಗಳಲ್ಲಿ ಆ ಒಂದೇ ಪ್ರಶ್ನೆಯನ್ನು ಎದ್ದು ನಿಂತು ಕೇಳಿದರೆ ನಮ್ಮ ಈ ಬರೆಹವು ಸಾರ್ಥಕವಾಯಿತೆಂದು ತಿಳಿಯುವೆವು.

ಸರ್ವರಿಗೂ ಮಂಗಳವಾಗಲಿ.